ನಿಂತ ಬೈಕಿಗೆ ಇಲಿ ನುಗ್ಗದಿರಲು

ಕೇಳುಗರಿಗೆಲ್ಲ ನಮಸ್ಕಾರ. ಚಳಿಗಾಲ ಕಳೆಯುವ ತನಕ ಬೈಕನ್ನು ಶೆಡ್ಡಿನಲ್ಲಿ ನಿಲ್ಲಿಸಿಡುವವರಿಗಾಗಿ ಈ ಮಾತು. ಬ್ಯಾಟರಿ, ಪೆಟ್ರೋಲು, ಟೈರಿನ ಗಾಳಿ ಎಲ್ಲವನ್ನೂ ನೀವು ಚೆನ್ನಾಗಿಯೇ ನೋಡಿಕೊಳ್ಳುತ್ತೀರಿ. ಇಲಿಯ ವಿಷಯ ಬಂದಾಗ ಮಾತ್ರ ನಾಲ್ಕು ನುಸಿಗುಳಿಗೆ ಎಸೆದು ಬಾಗಿಲು ಹಾಕಿಬಿಡುತ್ತೀರಿ. ದಯವಿಟ್ಟು ಅದನ್ನು ನಂಬಬೇಡಿ. ತೂತು ಮುಚ್ಚಿ. ಲೋಹದಿಂದ ಮುಚ್ಚಿ.

ಎಷ್ಟು ದೊಡ್ಡ ತೂತು? ಪೆನ್ಸಿಲ್ ತೂರುವಷ್ಟಿದ್ದರೆ ಸುಂಡಿಲಿಯೂ ತೂರುತ್ತದೆ. 6-7 ಮಿಲಿಮೀಟರ್ ಸಂದು ಅದಕ್ಕೆ ಸಾಕು. ಬೈಕಿನಲ್ಲಿ ಅದು ಮೊದಲು ಹುಡುಕುವುದು ಎರಡು ಬಾಯಿ: ಏರ್ ಫಿಲ್ಟರ್ ಡಬ್ಬಿಗೆ ಗಾಳಿ ಎಳೆಯುವ ಬಾಯಿ, ಮತ್ತೆ ಸೈಲೆನ್ಸರಿನ ಬಾಯಿ.

ಫಿಲ್ಟರ್ ಡಬ್ಬಿಯಲ್ಲಿ ಏನಾಗುತ್ತದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೈಕ್ ನಿಂತ ಕೆಲವೇ ದಿನಗಳಲ್ಲಿ ಒಂದು ಹೆಣ್ಣಿಲಿ ಟೈರು ಹತ್ತಿ, ಫ್ರೇಮಿನ ಮೇಲೆ ನಡೆದು, ಸೀಟಿನ ಕೆಳಗಿರುವ ಆ ಗಾಳಿಯ ಬಾಯಿಗೆ ಬರುತ್ತದೆ. ಒಳಗೆ ಕತ್ತಲು, ಒಣ ಜಾಗ, ಗಾಳಿ ಬೀಸುವುದಿಲ್ಲ. ಎದುರಿಗೇ ಮಡಿಕೆ ಮಡಿಕೆಯಾದ ಫಿಲ್ಟರ್ ಕಾಗದ. ಗೂಡಿಗೆ ಇನ್ನೇನು ಬೇಕು? ಕಾಗದ ಹರಿಯುತ್ತದೆ, ಸೀಟಿನ ಸ್ಪಂಜು ಕಿತ್ತು ತರುತ್ತದೆ, ಟೂಲ್ ಚೀಲದಲ್ಲಿ ನೀವು ಬಿಟ್ಟ ಒರೆಸುವ ಬಟ್ಟೆಯನ್ನೂ ಬಿಡುವುದಿಲ್ಲ. ಗರ್ಭ ಧರಿಸಿ ಮೂರು ವಾರಕ್ಕೆ ಐದಾರು ಮರಿ. ಆ ಮರಿಗಳೂ ಆರೇಳು ವಾರದಲ್ಲಿ ಮರಿ ಹಾಕುವಷ್ಟು ಬೆಳೆಯುತ್ತವೆ. ಮೂರು ತಿಂಗಳು ಎಂದರೆ ಲೆಕ್ಕ ನೀವೇ ಹಾಕಿ. ಅಷ್ಟೂ ಇಲಿಗಳ ಉಚ್ಚೆ ಅದೇ ಡಬ್ಬಿಯಲ್ಲಿ. ತಾಗಿದ ಲೋಹ ತುಕ್ಕು ಹಿಡಿಯುತ್ತದೆ, ಕನೆಕ್ಟರುಗಳು ಹಸಿರುಗಟ್ಟುತ್ತವೆ.

ಚಳಿ ಕಳೆದ ಮೇಲೆ ನೀವು ಬಂದು ಸೆಲ್ಫ್ ಒತ್ತುತ್ತೀರಿ. ಗೂಡು ದಾರಿಗೆ ಅಡ್ಡವಾಗಿದ್ದರೆ ಎಂಜಿನ್ನಿಗೆ ಉಸಿರು ಸಿಗದೆ ಕೆಮ್ಮುತ್ತದೆ. ಫಿಲ್ಟರ್ ಹರಿದಿದ್ದರೆ ಇನ್ನೂ ಕೆಟ್ಟದ್ದು, ಏಕೆಂದರೆ ಎಂಜಿನ್ ನೆಟ್ಟಗೇ ಓಡುತ್ತದೆ. ಕಾಗದದ ಚೂರೂ ಧೂಳೂ ಸೀದಾ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗು ಸವೆಸುತ್ತವೆ, ನಿಮಗೆ ಗೊತ್ತೇ ಆಗುವುದಿಲ್ಲ. ಕೆಮ್ಮಿದಾಗಲಾದರೂ ಡಬ್ಬಿ ತೆರೆದು ನೋಡುತ್ತಾರೆಯೇ? ಇಲ್ಲ. ಪ್ಲಗ್ ಬದಲಿಸುತ್ತಾರೆ, ಪೆಟ್ರೋಲು ಚೆಲ್ಲುತ್ತಾರೆ, ಕಾರ್ಬ್ಯುರೇಟರ್ ಬಿಚ್ಚುತ್ತಾರೆ. ನಾಲ್ಕು ಸ್ಕ್ರೂ ತೆಗೆದರೆ ಕಾಣುವುದನ್ನು ಕೊನೆಗೆ ನೋಡುತ್ತಾರೆ!

ಆದ್ದರಿಂದ ಮತ್ತೆ ಹೇಳುತ್ತೇನೆ, ತೂತು ಮುಚ್ಚಿ. ಗಾಳಿಯ ಬಾಯಿಗೆ 5 ಮಿಲಿಮೀಟರಿಗಿಂತ ದೊಡ್ಡ ಕಣ್ಣಿಲ್ಲದ ಗಟ್ಟಿ ತಂತಿ ಜಾಲರಿ ಕತ್ತರಿಸಿ, ಸುತ್ತ ಸಂದು ಉಳಿಯದಂತೆ ಹೊರಗಿನಿಂದ ಬಿಗಿಯಿರಿ. ಇಲ್ಲಿ ಉಕ್ಕಿನ ನಾರು ತುರುಕಬೇಡಿ. ಅದರ ಎಳೆ ಉದುರಿ ಎಂಜಿನ್ನಿಗೆ ಹೋಗುತ್ತದೆ. ಸೈಲೆನ್ಸರಿಗೆ ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸ್ಟೀಲ್ ಗುಂಜು ಸರಿ. ಬೆರಳಿಗೆ ಗಟ್ಟಿಯೆನಿಸುವಷ್ಟು ತುಂಬಿ, ಬಾಲದಂತೆ ಒಂದು ತುದಿ ಹೊರಗೆ ಬಿಡಿ. ಬಟ್ಟೆ ತುರುಕಿದರೆ ಇಲಿಗೆ ಹಾಸಿಗೆ ಕೊಟ್ಟಂತೆ, ತೇವವೂ ಒಳಗೇ ನಿಲ್ಲುತ್ತದೆ. ಗಟ್ಟಿಯಾಗುವ ಫೋಮ್ ಸುರಿಯುವುದಂತೂ ಇಲಿಗೆ ಹೆದರಿ ಮನೆ ಸುಟ್ಟ ಹಾಗೆ. ಇನ್ನೊಂದು ಎಚ್ಚರಿಕೆ: ಸೀಟಿನ ಕೆಳಗೆ ಬ್ಯಾಟರಿಯ ಹತ್ತಿರ ಉಕ್ಕಿನ ನಾರು ಇಡಲೇಬೇಡಿ. ಎರಡು ಟರ್ಮಿನಲ್‌ಗೂ ತಾಗಿದರೆ ಹೊತ್ತಿಕೊಳ್ಳುತ್ತದೆ.

ಬೈಕಿನ ತೂತು ಮುಗಿಯಿತು, ಈಗ ಶೆಡ್ಡಿನದು. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ, ಪೈಪು ಬರುವ ಕಡೆ ಸ್ಟೀಲ್ ಗುಂಜು ತುರುಕಿ ಮೇಲೆ ಸಿಮೆಂಟು. ಹಕ್ಕಿಯ ಕಾಳು, ನಾಯಿಯ ತಿಂಡಿ ಅಲ್ಲೇ ಇಟ್ಟಿದ್ದರೆ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ. ಹೆಲ್ಮೆಟ್, ಗ್ಲೌಸು, ಜಾಕೆಟ್ ಮನೆಯೊಳಗೆ ತನ್ನಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಸ್ಪ್ರಿಂಗ್ ಬಡಿಯುವ ಇಲಿ ಬೋನನ್ನು ಗೋಡೆಗೆ ಅಡ್ಡಲಾಗಿ, ಆಮಿಷದ ತುದಿ ಗೋಡೆಗೆ ತಾಗುವಂತೆ ಇಡಿ, ಇಲಿ ಓಡಾಡುವುದು ಗೋಡೆ ಹಿಡಿದೇ. ಕಡಲೆಕಾಯಿ ಬೆಣ್ಣೆ ಬಟಾಣಿ ಗಾತ್ರದಷ್ಟು ಸಾಕು. ಪಾಷಾಣ ಬೇಡ: ತಿಂದ ಇಲಿ ಬೈಕಿನೊಳಗೇ ಎಲ್ಲೋ ಸತ್ತು ನಾರುತ್ತದೆ, ಸತ್ತ ಇಲಿಯನ್ನು ತಿಂದ ಬೆಕ್ಕು, ಗೂಬೆಗೂ ವಿಷ. ಬೈಕಿನ ಸುತ್ತ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ, ವಾರಕ್ಕೊಮ್ಮೆ ಹೆಜ್ಜೆ ಗುರುತು ನೋಡಿ.

ಹಿಕ್ಕೆ ಕಂಡರೆ ಒಣದಾಗಿಯೇ ಗುಡಿಸಬೇಡಿ, ಆ ಧೂಳು ಉಸಿರಿಗೆ ಹೋದರೆ ಕಾಯಿಲೆ ತರಬಹುದು. ಗ್ಲೌಸು, ಮಾಸ್ಕ್ ಹಾಕಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ನೆನೆಸಿ, 5 ನಿಮಿಷ ಬಿಟ್ಟು ಕಾಗದದಿಂದ ಒರೆಸಿ ತೆಗೆಯಿರಿ. ಲೋಹಕ್ಕೆ ತಾಗಿದ್ದನ್ನು ನೀರಿನಿಂದ ಮತ್ತೆ ಒರೆಸಿ.

ಎರಡು ಬಾಯಿ ಮುಚ್ಚಿದ ದಿನವೇ "ಜಾಲರಿ ತೆಗೆ, ಗುಂಜು ತೆಗೆ" ಎಂದು ಚೀಟಿ ಬರೆದು ಕೀಲಿಗೆ ಕಟ್ಟಿಬಿಡಿ. ಅವೆರಡೂ ಕೈಗೆ ಬಂದ ಮೇಲೆ ಫಿಲ್ಟರ್ ಡಬ್ಬಿ ತೆರೆದು ಟಾರ್ಚ್ ಬಿಟ್ಟು ನೋಡಿ, ಆಮೇಲೆ ಸೆಲ್ಫ್ ಒತ್ತಿ. ನಮಸ್ಕಾರ.