ವಯರು ಕಿತ್ತು ತೋರಿಸಿ

ಕೇಳುಗರಿಗೆ ನಮಸ್ಕಾರ.

ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಉಂಟು. ಅದರ ಕಲ್ಲಿದ್ದಲು ಪರದೇಶದಿಂದ ಹಡಗಿನಲ್ಲಿ ಪಣಂಬೂರಿಗೆ ಬಂದು, ಅಲ್ಲಿಂದ ರೈಲು ಹತ್ತುತ್ತದೆ. ಇಷ್ಟೆಲ್ಲ ಯಾಕೆ ಮಾರಾಯ್ರೇ, ಸೂರ್ಯನೊಳಗೆ ಪರಮಾಣು ಬೀಜಗಳು ಬೆಸೆದು ಶಾಖ ಬರುತ್ತದಲ್ಲ, ಆ ಕೆಲಸವನ್ನು ಮೇಜಿನ ಮೇಲಿನ ಗಾಜಿನ ಪಾತ್ರೆಯಲ್ಲೇ ಮಾಡಿಸಬಹುದು ಅಂತ ಯಾರಾದರೂ ಹೇಳಿದರೆ ಕಿವಿ ನೆಟ್ಟಗಾಗುತ್ತದೆ, ಅಲ್ವಾ?

1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ಲೈಷ್‌ಮನ್ ಮತ್ತು ಪಾನ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಹೇಳಿದ್ದು ಹೆಚ್ಚುಕಡಿಮೆ ಅದನ್ನೇ. ಇದಕ್ಕೆ ಕೋಲ್ಡ್ ಫ್ಯೂಷನ್, ಅಂದರೆ ತಣ್ಣನೆಯ ಬೆಸುಗೆ ಅಂತ ಹೆಸರು. ಭಾರಜಲದಲ್ಲಿ ಪಲ್ಲಾಡಿಯಂ ಎಂಬ ದುಬಾರಿ ಲೋಹದ ಕಡ್ಡಿ ಇಟ್ಟು ಕರೆಂಟು ಹರಿಸಿದೆವು, ಕೊಟ್ಟದ್ದಕ್ಕಿಂತ ಜಾಸ್ತಿ ಶಾಖ ಬಂತು ಅಂದರು. ಭಾರಜಲದಲ್ಲಿರುವುದು ಡ್ಯೂಟೀರಿಯಂ ಎಂಬ ತೂಕದ ಹೈಡ್ರೋಜನ್. ನಮ್ಮ ಕಡಲ ನೀರಿನಲ್ಲೂ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದರಂತೆ ಅದು ಇದೆ. ಇಂಧನಕ್ಕೆ ಬರ ಇಲ್ಲ. ಮುಂಬಯಿಯ ಬಾರ್ಕ್‌ನಲ್ಲಿಯೂ, ಅಂದರೆ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ, ಪಿ. ಕೆ. ಅಯ್ಯಂಗಾರರು ನಿರ್ದೇಶಕರಾಗಿದ್ದ ಕಾಲದಲ್ಲಿ ಹಲವು ತಂಡಗಳು ಇದನ್ನು ಮಾಡಿ ನೋಡಿ, ಬೆಸುಗೆಯ ಗುರುತುಗಳಾದ ಟ್ರಿಟಿಯಂ (ಇನ್ನೂ ತೂಕದ ಹೈಡ್ರೋಜನ್) ಮತ್ತು ನ್ಯೂಟ್ರಾನ್ ಕಣಗಳನ್ನು ಕಂಡೆವು ಅಂದವು.

ತೊಡಕು ಎಲ್ಲಿ? ಗೊತ್ತಿರುವ ರೀತಿಯಲ್ಲಿ ಡ್ಯೂಟೀರಿಯಂ ಬೆಸೆದು ಒಂದೇ ಒಂದು ವ್ಯಾಟ್ ಶಾಖ ಬರಬೇಕಾದರೆ, ಸೆಕೆಂಡಿಗೆ ಲಕ್ಷ ಕೋಟಿಯ ಲೆಕ್ಕದಲ್ಲಿ ನ್ಯೂಟ್ರಾನ್ ಹೊರಬೀಳಬೇಕು. ಪಕ್ಕದಲ್ಲಿ ನಿಂತವರು ಬದುಕುವ ಮಾತೇ ಇಲ್ಲ. ಪ್ರಯೋಗ ಮಾಡಿದವರೆಲ್ಲ ಆರಾಮಾಗಿ ಮನೆಗೆ ಹೋದರು! ಇದು ಹೊಸ ಬಗೆಯ ಕ್ರಿಯೆ ಅನ್ನುವುದು ಬೆಂಬಲಿಗರ ಉತ್ತರ. ಸರಿ, ಇರಬಹುದು. ಆದರೆ ಅದಕ್ಕೆ ಪಲ್ಲಾಡಿಯಂನ ಹತ್ತು ಪರಮಾಣುಗಳಿಗೆ ಒಂಬತ್ತರಷ್ಟು ಡ್ಯೂಟೀರಿಯಂ ತುಂಬಬೇಕು ಎನ್ನುತ್ತಾರೆ. ಹಾಗೆ ತುಂಬುವಾಗ ಲೋಹ ಉಬ್ಬುತ್ತದೆ, ಬಿರುಕು ಬಿಡುತ್ತದೆ, ತುಂಬಿದ್ದು ಸೋರಿ ಹೋಗುತ್ತದೆ. ಒಂದು ಕಡ್ಡಿ ಕೊಟ್ಟ ಫಲ ಇನ್ನೊಂದು ಕೊಡುವುದಿಲ್ಲ. ಗೂಗಲ್ ದುಡ್ಡು ಹಾಕಿದ ತಂಡಗಳು 2015ರಿಂದ ಹುಡುಕಿ, 2019ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಏನೂ ಸಿಗಲಿಲ್ಲ ಎಂದು ಬರೆದವು.

ಇನ್ನೊಂದು ಬಣ ನಿಕ್ಕಲ್‌ನದ್ದು. ನಿಕ್ಕಲ್ ಪುಡಿ, ಮಾಮೂಲಿ ಹೈಡ್ರೋಜನ್, ಸ್ವಲ್ಪ ಬಿಸಿ. ಪಲ್ಲಾಡಿಯಂಗೆ ಹೋಲಿಸಿದರೆ ನಿಕ್ಕಲ್ ತೀರಾ ಅಗ್ಗ, ಅದಕ್ಕೇ ವ್ಯಾಪಾರಿಗಳಿಗೆ ಇಷ್ಟ. 2011ರ ಜನವರಿಯಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಆಂದ್ರೆಯಾ ರೋಸಿ ಇಂಥದ್ದೊಂದು ಯಂತ್ರ ತೋರಿಸಿದರು. ಒಳಗೆ ಹೋದದ್ದು ನೀರು, ಹೊರಗೆ ಬಂದದ್ದು ಹಬೆ. ನೀರು ಪೂರಾ ಆವಿಯಾಗಿದೆ ಅಂತ ಹಿಡಿದು ಬಂದ ಶಾಖದ ಲೆಕ್ಕ ಹಾಕಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 290 ಕಿಲೋಜೂಲ್ ಸಾಕು. ಕುದಿಯುವ ಅದೇ ನೀರನ್ನು ಆವಿ ಮಾಡಲು ಇನ್ನೂ 2,250 ಬೇಕು. ಮೂಡೆ ಬೇಯುವ ಪಾತ್ರೆಯ ಮುಚ್ಚಳ ತೆಗೆದಾಗ ಬೆಳ್ಳಗೆ ಕಾಣುತ್ತದಲ್ಲ, ಅದೆಲ್ಲ ಪುಟ್ಟ ನೀರಹನಿಗಳು. ನಿಜವಾದ ಆವಿ ಕಣ್ಣಿಗೆ ಕಾಣುವುದಿಲ್ಲ. ಹನಿಯನ್ನೂ ಆವಿಯ ಲೆಕ್ಕಕ್ಕೆ ಸೇರಿಸಿದರೆ, ಯಂತ್ರ ಏನೂ ಮಾಡದೆಯೇ ಹಲವು ಪಟ್ಟು ಲಾಭ ತೋರಿಸುತ್ತದೆ. ಟೀಕಾಕಾರರು ಹಿಡಿದದ್ದು ಇದನ್ನೇ. ರೋಸಿ ಮಾತ್ರ ಒಳಗಿನ ಗುಟ್ಟು ಬಿಟ್ಟುಕೊಡಲಿಲ್ಲ. ಕೊನೆಗೆ ಅವರಿಗೂ ಹಣ ಹೂಡಿದವರಿಗೂ ಕೋರ್ಟಿನಲ್ಲಿ ಜಗಳವಾಗಿ, 2017ರಲ್ಲಿ ರಾಜಿಯಾಯಿತು.

ಸುರತ್ಕಲ್ ಕಡೆಯ ಇಂಜಿನಿಯರಿಂಗ್ ಮಕ್ಕಳು ಪಲ್ಲಾಡಿಯಮ್ಮೋ ನಿಕ್ಕಲ್ಲೋ ಅಂತ ವಾದಕ್ಕಿಳಿದರೆ ನಾನು ಕೇಳುವುದು ಇಷ್ಟೇ: ಹಾಕಿದ್ದಕ್ಕೆ ಆರು ಪಟ್ಟು ಶಾಖ ಬರುತ್ತದಾದರೆ, ಅದರಲ್ಲಿ ಮೂರರಲ್ಲೊಂದು ಪಾಲು ಕರೆಂಟಾದರೂ ಯಂತ್ರ ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬಹುದು. ಹಾಗಾದರೆ ಗೋಡೆಯಿಂದ ವಯರು ಕಿತ್ತು ಯಾಕೆ ತೋರಿಸುವುದಿಲ್ಲ? ಹೊರಗಿನವರು ಒಪ್ಪುವ ಹಾಗೆ ಇದುವರೆಗೆ ಯಾರೂ ತೋರಿಸಿಲ್ಲ.

ನನ್ನ ಒಲವು ಕೇಳಿದರೆ, ಪಲ್ಲಾಡಿಯಂ ಕಡೆಯವರಿಗೆ ನೂರಕ್ಕೆ ಮೂವತ್ತು ಅಂಕ. ಅವರು ಕನಿಷ್ಠ ತಮ್ಮ ವಿಧಾನ ಬರೆದಿಟ್ಟರು, ಬೇರೆಯವರು ತಪ್ಪು ಹುಡುಕಲು ಆಯಿತು. 2023ರಲ್ಲಿ ಅಮೆರಿಕ ಸರ್ಕಾರ ಎಂಟು ತಂಡಗಳಿಗೆ ಒಂದು ಕೋಟಿ ಡಾಲರ್ ಹಂಚಿತು, ಇದರಲ್ಲಿ ಏನಾದರೂ ಇದೆಯೋ ಇಲ್ಲವೋ ಒಮ್ಮೆ ತೀರ್ಮಾನವಾಗಲಿ ಅಂತ. ಆ ಖರ್ಚಿಗೆ ನನ್ನ ತಕರಾರಿಲ್ಲ. ಪವರ್ ಸ್ಟೇಶನ್ ಕಟ್ಟಲು ಯಾರಾದರೂ ಷೇರು ಮಾರಲು ಬಂದರೆ ಮಾತ್ರ, ದಯವಿಟ್ಟು ಚೆಕ್ಕು ಬರೆಯಬೇಡಿ.

ನಮಸ್ಕಾರ.