ಪೂಜೆ ಮುಗಿದ ಮೇಲೆ ಗೇಟಿನಲ್ಲಿ ಒಂದು ಸಲ ನಿಮ್ಮ ಮುಖ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಈ ವಾರ ಜಪಸರದ ಬಗ್ಗೆ ಮಾತನಾಡುತ್ತೇನೆ ಎಂದು ಹೇಳಿದ್ದೆ. ಅದು ಮುಂದಿನ ವಾರಕ್ಕೆ ಇರಲಿ, ಜಪಸರ ಎಲ್ಲಿಗೂ ಓಡಿಹೋಗುವುದಿಲ್ಲ. ಇವತ್ತು ಒಂದು ಕಮೆಂಟು ತಲೆ ಕೊರೆಯುತ್ತಿದೆ. ಓದುತ್ತೇನೆ, ಕೇಳಿ: ‘ಬ್ರದರ್, ನಿಮ್ಮ ವಿಚಾರಗಳು ಚೆನ್ನಾಗಿವೆ. ಆದರೆ ಬಹಳ ನಗುತ್ತೀರಿ. ಶಿಲುಬೆಯ ಬಗ್ಗೆ ಮಾತನಾಡುವವನಿಗೆ ಗಾಂಭೀರ್ಯ ಇರಬೇಕು.’ ಕೊನೆಯಲ್ಲಿ ಕೈಮುಗಿಯುವ ಗುರುತು, ಒಂದಲ್ಲ, ಮೂರು. ಬಯ್ದು ಕೈಮುಗಿಯುವ ಈ ವಿದ್ಯೆಯನ್ನು ನಮ್ಮವರು ಎಲ್ಲಿ ಕಲಿತರೋ!

ಬೇರೆ ದಿನವಾಗಿದ್ದರೆ ಓದಿ ಬಿಟ್ಟುಬಿಡುತ್ತಿದ್ದೆ. ಆದರೆ ಇದನ್ನು ಓದಿದ್ದು ಹೋದ ಭಾನುವಾರ ಮಧ್ಯಾಹ್ನ, ಊಟದ ಮೊದಲು. ಅಂದು ಬೆಳಗ್ಗೆ ನಮ್ಮ ಚರ್ಚಿನ ಗೇಟಿನಲ್ಲಿ ಒಂದು ನಾಟಕ ನೋಡಿ ಬಂದಿದ್ದೆ.

ಬೆಂಗಳೂರಿನ ಧರ್ಮಕೇಂದ್ರಗಳ ಭಾನುವಾರ ನಿಮಗೆ ಗೊತ್ತೇ ಇದೆ. ನಮ್ಮಲ್ಲಿ ಏಳಕ್ಕೆ ಇಂಗ್ಲಿಷ್ ಪೂಜೆ, ಎಂಟೂವರೆಗೆ ಕನ್ನಡ, ಹತ್ತಕ್ಕೆ ತಮಿಳು. ಒಂಬತ್ತೂ ಮುಕ್ಕಾಲಕ್ಕೆ ಒಳಗಿನವರು ಹೊರಗೆ ಬರಬೇಕು, ಹೊರಗಿನವರು ಒಳಗೆ ಹೋಗಬೇಕು, ಇರುವುದು ಒಂದೇ ಗೇಟು. ಆ ದಿನ ಪೂಜೆಯಲ್ಲಿ ಬೈಬಲಿನ ಎರಡನೆಯ ವಾಚನ ಓದಿದವರು ನಮ್ಮ ಹಿರಿಯರೊಬ್ಬರು. ಸ್ವಚ್ಛ ಉಚ್ಚಾರ, ಒಳ್ಳೆಯ ಕಂಠ. ಓದಿದ್ದು ಸಂತ ಪೌಲರು ಫಿಲಿಪ್ಪಿಯರಿಗೆ, ಅಂದರೆ ಫಿಲಿಪ್ಪಿ ಊರಿನ ಕ್ರೈಸ್ತರಿಗೆ, ಬರೆದ ಪತ್ರದ ಎರಡನೆಯ ಅಧ್ಯಾಯ: ದೇವರ ಸ್ವರೂಪದಲ್ಲಿದ್ದ ಕ್ರಿಸ್ತರು ತಮ್ಮನ್ನೇ ಬರಿದು ಮಾಡಿಕೊಂಡು ದಾಸನ ರೂಪ ತಾಳಿದರು ಎಂಬ ಭಾಗ. ನನ್ನ ಪಕ್ಕದಲ್ಲಿದ್ದ ಹೆಂಗಸು ಕಣ್ಣು ಒರೆಸಿಕೊಂಡರು. ಅದಾಗಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಗೇಟಿನ ಕಾವಲುಗಾರ ‘ಸರ್, ಎರಡು ನಿಮಿಷ, ಆ ಆಟೋ ಹೋಗಲಿ’ ಎಂದದ್ದಕ್ಕೆ ಅದೇ ಕಂಠ ಕಾರಿನ ಕಿಟಕಿಯಿಂದ ಹೊರಬಂತು: ‘ನಾನು ಯಾರು ಎಂದು ಗೊತ್ತೇನೋ ನಿನಗೆ?’

ಉಚ್ಚಾರ ಆಗಲೂ ಸ್ವಚ್ಛವಾಗಿಯೇ ಇತ್ತು.

ಆ ಕಾವಲುಗಾರ ಯಾದಗಿರಿ ಕಡೆಯ ಹುಡುಗ, ಕ್ರೈಸ್ತನಲ್ಲ. ಪೂಜೆಯ ಹೊತ್ತಿನಲ್ಲಿ ಒಳಗೆ ಬಂದು ಕೂರಲು ಆತನಿಗೆ ಪುರಸೊತ್ತೂ ಇಲ್ಲ. ನಮ್ಮ ಧರ್ಮದ ಬಗ್ಗೆ ಅವನಿಗೆ ತಿಳಿದಿರುವುದೆಲ್ಲ ಹಾರ್ನಿನ ಸದ್ದು. ಅವನು ತಲೆ ತಗ್ಗಿಸಿ ಗೇಟು ತೆಗೆದ. ಅಂದರೆ, ಎರಡನೆಯ ಅಧ್ಯಾಯವನ್ನು ಆ ಬೆಳಗ್ಗೆ ಪಾಲಿಸಿದವನು ಅವನೊಬ್ಬನೇ.

ಆದ್ದರಿಂದ ಗಾಂಭೀರ್ಯ ಕೇಳಿದವರೇ, ನನ್ನ ಮಾತು ಇಷ್ಟು. ನಂಬಿಕೆಯ ಪರೀಕ್ಷೆ ನಡೆಯುವುದು ಗೇಟಿನಲ್ಲಿ. ಒಳಗೆ ನಡೆಯುವುದು ಪಾಠ.

ಇದು ನನ್ನ ಸ್ವಂತ ತತ್ವವೇನೂ ಅಲ್ಲ. ಪೂಜೆಗೆ ‘ಮಾಸ್’ ಎನ್ನುತ್ತೇವಲ್ಲ, ಮಂಗಳೂರಿನ ಕೊಂಕಣಿಯವರು ‘ಮೀಸ್’ ಎನ್ನುತ್ತಾರಲ್ಲ, ಆ ಹೆಸರು ಬಂದದ್ದು ಲ್ಯಾಟಿನ್ ಪೂಜೆಯ ಕೊನೆಯಲ್ಲಿ ಬರುವ ಮಾತಿನಿಂದ: ‘ಇತೆ ಮಿಸ್ಸಾ ಎಸ್ತ್’. ಹೋಗಿ, ನಿಮಗೆ ಅಪ್ಪಣೆಯಾಗಿದೆ ಎಂದು ಜನರನ್ನು ಕಳುಹಿಸಿಕೊಡುವ ಮಾತು. ಯೋಚಿಸಿ ನೋಡಿ. ಪ್ರಬೋಧನೆಯ ಹೆಸರು ಇಡಬಹುದಿತ್ತು, ಗಾಯನದ ಹೆಸರು ಇಡಬಹುದಿತ್ತು. ಇಡೀ ಆರಾಧನೆಗೆ ಹೆಸರು ಸಿಕ್ಕಿದ್ದು ಗೇಟಿನ ಕಡೆ ಕೈ ತೋರಿಸುವ ಮಾತಿನಿಂದ! ನಾವೋ, ಆ ಮಾತು ಗುರುಗಳ ಬಾಯಿಂದ ಬೀಳುವ ಮೊದಲೇ ಬೈಕಿನ ಕೀಲಿ ಕೈಯಲ್ಲಿ ಹಿಡಿದಿರುತ್ತೇವೆ.

ಇನ್ನು ಸಂತೋಷದ ವಿಷಯ. ‘ಸದಾ ಪ್ರಭುವಿನಲ್ಲಿ ಸಂತೋಷಪಡಿ, ಮತ್ತೊಮ್ಮೆ ಹೇಳುತ್ತೇನೆ, ಸಂತೋಷಪಡಿ’ ಎಂಬ ಅರ್ಥದ ವಚನವನ್ನು ನಾವು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುತ್ತೇವೆ, ಹಿಂದೆ ಒಂದು ಜಲಪಾತದ ಚಿತ್ರ ಇಡುತ್ತೇವೆ. ಅದೂ ಅದೇ ಫಿಲಿಪ್ಪಿಯರ ಪತ್ರದ್ದು, ನಾಲ್ಕನೆಯ ಅಧ್ಯಾಯ, ನಾಲ್ಕನೆಯ ವಚನ. ಬರೆದದ್ದು ಜಲಪಾತದ ಪಕ್ಕದಲ್ಲಿ ಕೂತಲ್ಲ, ಸೆರೆಮನೆಯಲ್ಲಿ, ಬೇಡಿ ತೊಟ್ಟು. ಇದು ಬಹಳ ಜನರಿಗೆ ಗೊತ್ತು. ಆದರೆ ಎರಡು ಸಾಲು ಮೇಲಕ್ಕೆ ಹೋಗಿ ಎರಡನೆಯ ವಚನ ಓದುವವರು ಎಷ್ಟು ಜನ? ಅಲ್ಲಿ ಪೌಲರು ಇಬ್ಬರು ಹೆಂಗಸರ ಹೆಸರು ಹಿಡಿದು, ಇಬ್ಬರೂ ಒಮ್ಮನಸ್ಸಿನಿಂದ ಇರಿ ಎಂದು ಬೇಡಿಕೊಳ್ಳುತ್ತಾರೆ. ಸುವಾರ್ತೆಗಾಗಿ ತಮ್ಮ ಜೊತೆಗೆ ಹೆಣಗಿದವರು ಎಂದೂ ಹೇಳುತ್ತಾರೆ. ಏನು ಜಗಳವೋ ಪತ್ರದಲ್ಲಿ ಇಲ್ಲ. ಗಾನವೃಂದದಲ್ಲಿ ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕು ಎಂಬುದೇ ಇರಬೇಕು ಎಂದು ನನ್ನ ಊಹೆ. ಹಾಗಾದರೆ ಸಂತೋಷಪಡಿ ಎಂಬ ಆಜ್ಞೆ ಬಂದದ್ದು ಯಾರಿಗೆ? ಮಾತು ಬಿಟ್ಟವರು ಒಂದೇ ಸೂರಿನಡಿ ಕೂತಿದ್ದ ಸಭೆಗೆ. ಮೊದಲು ರಾಜಿ, ಆಮೇಲೆ ಸಂತೋಷ. ಇದನ್ನು ಯಾರೂ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುವುದಿಲ್ಲ.

ಕ್ಯಾಮೆರಾದ ಹಿಂದೆ ನಮ್ಮ ಅಕ್ಕನ ಮಗಳು ನಗುತ್ತಿದ್ದಾಳೆ. ಏನಮ್ಮ? ‘ಮಾವ, ದೊಡ್ಡ ಮಾವನ ಜೊತೆ ನೀವು ಮಾತನಾಡಿ ಎಷ್ಟು ದಿನ ಆಯಿತು?’ ಅದು ಸೈಟಿನ ವಿಷಯ, ಬೇರೆ. ಮುಂದಕ್ಕೆ ಹೋಗೋಣ.

ಈಗಲೇ ಕೆಲವರು ಟೈಪ್ ಮಾಡಲು ಶುರುಮಾಡಿರುತ್ತೀರಿ: ‘ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಂತನಿಗೂ ಸಿಟ್ಟು ಬರುತ್ತದೆ.’ ಹೌದಾ? ಪೌಲರು ಮೂರು ಸಲ ಹಡಗು ಒಡೆದು ನೀರಿಗೆ ಬಿದ್ದವರು. ಒಂದು ಹಗಲು, ಒಂದು ರಾತ್ರಿ ನಡುಸಮುದ್ರದಲ್ಲಿ ಕಳೆದೆ ಎಂದು ಕೊರಿಂಥದವರಿಗೆ ಬರೆದಿದ್ದಾರೆ. ನೀವು ಸಿಲ್ಕ್ ಬೋರ್ಡಿನಲ್ಲಿ ಎಸಿ ಹಾಕಿಕೊಂಡು ನಲವತ್ತು ನಿಮಿಷ ಕೂತಿದ್ದಿರಿ. ಹೋಲಿಕೆ ಬೇಡ.

ಇನ್ನೊಂದು ವಾದ ನನಗೆ ಬಹಳ ಇಷ್ಟ: ‘ಯೇಸುಸ್ವಾಮಿಯೂ ದೇವಾಲಯದಲ್ಲಿ ಚಾಟಿ ಬೀಸಲಿಲ್ಲವೇ?’ ಬೀಸಿದರು. ದೇವರ ಮನೆಯನ್ನು ಸಂತೆ ಮಾಡಿಕೊಂಡವರ ಮೇಲೆ. ನಿಮ್ಮ ಚಾಟಿ ಪ್ರತಿ ಭಾನುವಾರ ಒಂಬತ್ತೂ ಮುಕ್ಕಾಲಕ್ಕೆ ಸರಿಯಾಗಿ ಹೊರಗೆ ಬರುತ್ತದೆ, ಅದೂ ತಿಂಗಳ ಸಂಬಳಕ್ಕೆ ನಿಂತ ಹುಡುಗನ ಮೇಲೆ. ಹಾಗಿರುವಾಗ ಯೇಸುವಿನ ಹೆಸರನ್ನು ಮಧ್ಯೆ ತರಬೇಡಿ. ಅದೇ ಯೇಸು ಕಡೆಯ ಭೋಜನದ ರಾತ್ರಿ ಸೊಂಟಕ್ಕೆ ಅಂಗವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದನ್ನು ಯಾರೂ ಹೀಗೆ ಥಟ್ಟನೆ ನೆನಪಿಸುವುದಿಲ್ಲ. ಚಾಟಿ ಮಾತ್ರ ಎಲ್ಲರಿಗೂ ಬಾಯಿಪಾಠ.

‘ಕಷ್ಟದಲ್ಲಿ ಇರುವವನು ಹೇಗೆ ನಗಬೇಕು’ ಎಂದು ಕೇಳುವವರಿಗೆ: ಅಳಿ. ಲಾಜರನ ಸಮಾಧಿಯ ಬಳಿ ಯೇಸುವೇ ಅತ್ತರು. ನಾನು ಅಳುವವರ ಮಾತು ಆಡುತ್ತಲೇ ಇಲ್ಲ. ನನ್ನ ತಕರಾರು ಇರುವುದು ಬೆಳಗ್ಗೆ ಒಳ್ಳೆಯ ಕಾಫಿ ಕುಡಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಯಾವ ಕಷ್ಟವೂ ಇಲ್ಲದೆ ಮುಖ ಗಂಟಿಕ್ಕಿಕೊಂಡು ಅದನ್ನೇ ಭಕ್ತಿ ಎನ್ನುವವರ ಮೇಲೆ.

ವಿಭೂತಿ ಬುಧವಾರ ಹಣೆಗೆ ಬೂದಿ ಹಾಕಿಸಿಕೊಳ್ಳುತ್ತೀರಲ್ಲ, ಅಂದು ಓದುವ ಶುಭಸಂದೇಶ ಯಾವುದು? ಮತ್ತಾಯ, ಆರನೆಯ ಅಧ್ಯಾಯ. ಉಪವಾಸ ಮಾಡುವಾಗ ಕಪಟಿಗಳಂತೆ ಮುಖ ಬಾಡಿಸಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ದಿನವೇ ಮುಖ ತೊಳೆಯಲು ಹೇಳಿದ್ದಾರೆ! 2013ರಲ್ಲಿ ಪೋಪ್ ಫ್ರಾನ್ಸಿಸ್ ಇಡೀ ಚರ್ಚಿಗೆ ಬರೆದ ಪ್ರೇರಣಾಪತ್ರದಲ್ಲಿ, ಶುಭಸಂದೇಶ ಸಾರುವವನು ಆಗತಾನೇ ಶವಸಂಸ್ಕಾರದಿಂದ ಬಂದವನ ಹಾಗೆ ಕಾಣಬಾರದು ಎಂದರು. ಅವರಿಗೂ ಯಾರೋ ‘ಬ್ರದರ್, ಗಾಂಭೀರ್ಯ’ ಎಂದು ಕಮೆಂಟು ಹಾಕಿರಬೇಕು.

ಗಾಂಭೀರ್ಯ ಬೇಕು ಎನ್ನುವವರಿಗೆ ಇನ್ನೊಬ್ಬರನ್ನು ಪರಿಚಯಿಸುತ್ತೇನೆ. ಸಂತ ಫಿಲಿಪ್ ನೇರಿ, 1595ರಲ್ಲಿ ರೋಮಿನಲ್ಲಿ ತೀರಿಕೊಂಡವರು. ಜನ ತಮ್ಮನ್ನು ಮಹಾತ್ಮ ಎಂದು ಕೊಂಡಾಡುತ್ತಿರುವುದನ್ನು ಕಂಡು, ಅರ್ಧ ಗಡ್ಡ ಬೋಳಿಸಿಕೊಂಡು ಬೀದಿಗೆ ಬಂದರು ಎಂದು ಅವರ ಬಗ್ಗೆ ಹೇಳುತ್ತಾರೆ. ನಗಲಿ, ಹೊಗಳಿಕೆ ಇಳಿಯಲಿ ಎಂದು. ವಿನಯವೂ ವಿನೋದವೂ ಒಂದೇ ಕ್ಷೌರದಲ್ಲಿ ಮುಗಿಯಿತು. ಅವರನ್ನು 1622ರಲ್ಲಿ ಸಂತರೆಂದು ಘೋಷಿಸಿದರು. ನಮ್ಮಲ್ಲಿ ವಿನಯ ಎಂದರೆ ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುವಾಗ ‘ನಾನೇನೂ ಅಲ್ಲ’ ಎನ್ನುವುದು. ಮುಂದಿನ ವರ್ಷ ಶಾಲು ಬೇರೆಯವರಿಗೆ ಹೋದರೆ ಆ ‘ಏನೂ ಅಲ್ಲ’ದವರು ಆರು ತಿಂಗಳು ಮುನಿಸಿಕೊಳ್ಳುತ್ತಾರೆ.

ನಮ್ಮ ಅಜ್ಜಿಯನ್ನು ನೆನೆಯದೆ ಈ ವಿಷಯ ಮುಗಿಯುವುದಿಲ್ಲ. ಕನಕಪುರದ ಕಡೆಯ ಹಳ್ಳಿಯವರು, ಓದು ಬರಹ ಇರಲಿಲ್ಲ. ಪೂಜೆ ಒಂದು ಗಂಟೆಯಾದರೆ ಗೇಟಿನಲ್ಲಿ ಅಜ್ಜಿಯದು ಇನ್ನೊಂದು ಗಂಟೆ. ಯಾರ ಸೊಸೆಗೆ ಹೆರಿಗೆ ಹತ್ತಿರ, ಯಾರ ಎಮ್ಮೆ ಮೇವು ಬಿಟ್ಟಿದೆ, ಯಾರು ಮೂರು ವಾರದಿಂದ ಪೂಜೆಗೆ ಬಂದಿಲ್ಲ, ಎಲ್ಲವೂ ಆ ಗೇಟಿನಲ್ಲೇ ಇತ್ಯರ್ಥ. ನಾವು ಮಕ್ಕಳು ಹಸಿವಿನಿಂದ ಸೆರಗು ಹಿಡಿದು ಎಳೆಯುತ್ತಿದ್ದೆವು. ‘ಇರಪ್ಪ, ಇನ್ನೂ ಪೂಜೆ ಮುಗಿದಿಲ್ಲ’ ಎನ್ನುತ್ತಿದ್ದರು. ಆಗ ತಮಾಷೆ ಎಂದುಕೊಂಡಿದ್ದೆ. ಮೂರು ವಾರ ಬಾರದವರ ಮನೆಗೆ ಅದೇ ಸಂಜೆ ಒಂದು ಸೇರು ರಾಗಿ ಹೋಗುತ್ತಿತ್ತು. ಅದರ ಬಗ್ಗೆ ಅಜ್ಜಿ ಬಾಯಿ ಬಿಟ್ಟದ್ದೇ ಇಲ್ಲ. ನಮಗೆ ತಿಳಿದದ್ದು ಅವರ ಮಣ್ಣಿನ ದಿನ, ಅಳುತ್ತಾ ಬಂದವರ ಬಾಯಿಂದ.

ಬೆಂಗಳೂರಿನಲ್ಲಿ ಅಂಥ ಗೇಟು ಈಗಿಲ್ಲವೇ? ಇದೆ. ಆಗಸ್ಟ್ 29ಕ್ಕೆ ಧ್ವಜ ಏರಿದ ಮೇಲೆ ಸೆಪ್ಟೆಂಬರ್ 8ರ ಮರಿಯ ಮಾತೆಯ ಹಬ್ಬದವರೆಗೆ ಶಿವಾಜಿನಗರದ ಬೆಸಿಲಿಕಾದ ಮುಂದೆ ಹೋಗಿ ನಿಂತು ನೋಡಿ. ಕಾವಿ ಸೀರೆ ಉಟ್ಟು ಬರಿಗಾಲಲ್ಲಿ ಬಂದ ಹೆಂಗಸರಲ್ಲಿ ಯಾರು ಕ್ರೈಸ್ತರು, ಯಾರು ಹಿಂದೂಗಳು ಎಂದು ಹೇಳಿ ನೋಡೋಣ. ನೂಕುನುಗ್ಗಲಿನಲ್ಲಿ ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿಕೊಂಡಿರುತ್ತಾರೆ. ಅದೇ ಜನ, ಅದೇ ಊರು. ಹಬ್ಬದ ದಿನ ಬರುವ ಆ ಮುಖ ಮಾಮೂಲಿ ಭಾನುವಾರ ಯಾಕೆ ಬರುವುದಿಲ್ಲ? ಯಾಕೆ?

ಮಧ್ಯೆ ಒಂದು ಮಾತು. ಈ ಚಾನೆಲ್ಲಿಗೆ ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಆಗಿ, ಗಂಟೆಯ ಗುರುತು ಒತ್ತಿ. ಮೇಜಿನ ಮೇಲಿರುವ ಈ ಮಗ್ ಕಾಣಿಸುತ್ತಿದೆಯೇ? ಇದರ ಮೇಲೆ ‘ಗುಣುಗುಟ್ಟದೆ ಮಾಡಿ’ ಎಂದಿದೆ, ಫಿಲಿಪ್ಪಿಯರಿಗೆ ಎರಡು, ಹದಿನಾಲ್ಕು. ಬೇಕಾದವರು ಕೆಳಗೆ ತಿಳಿಸಿ. ಮೊದಲ ಸಲ ಅಚ್ಚು ಹಾಕಿಸಿದಾಗ ‘ಗುಣುಗುಟ್ಟಿ ಮಾಡಿ’ ಎಂದು ಬಂದಿತ್ತು. ಅಂಥ ಇಪ್ಪತ್ತು ಮಗ್ ಉಳಿದಿವೆ, ನಮ್ಮ ಜನರಿಗೆ ಅವೇ ಹೊಂದುತ್ತವೋ ಏನೋ, ಅರ್ಧ ಬೆಲೆಗೆ ಕೊಡುತ್ತೇನೆ.

ಎಲ್ಲಿದ್ದೆ? ಗೇಟು. ಚರ್ಚಿನ ಗೇಟು ಒಂದೇ ಅಲ್ಲ, ಮನೆಯ ಗೇಟೂ ಇದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಹುಟ್ಟಿಸಿದವನು ನಮ್ಮ ಪ್ರಾರ್ಥನಾ ಕೂಟಗಳನ್ನು ನೋಡಿಯೇ ಹುಟ್ಟಿಸಿರಬೇಕು. ಕೂಟದಲ್ಲಿ ಎಲ್ಲರೂ ‘ಸಿಸ್ಟರ್, ಬ್ರದರ್’. ಮನೆಯಲ್ಲಿ ಸೊಸೆಗೆ ಹೆಸರೇ ಇಲ್ಲ, ‘ಏ’ ಅಷ್ಟೇ. ನೀವು ಒಬ್ಬರನ್ನೊಬ್ಬರು ಪ್ರೀತಿಸಿದರೆ ಅದರಿಂದಲೇ ನನ್ನ ಶಿಷ್ಯರೆಂದು ಜನ ತಿಳಿದುಕೊಳ್ಳುತ್ತಾರೆ ಎಂದು ಯೊವಾನ್ನರ ಶುಭಸಂದೇಶದಲ್ಲಿ ಇದೆ. ಕಾರಿನ ಕನ್ನಡಿಗೆ ತೂಗುಹಾಕಿದ ಜಪಸರದಿಂದ ತಿಳಿದುಕೊಳ್ಳುತ್ತಾರೆ ಎಂದು ಎಲ್ಲಿದೆ? ತೋರಿಸಿ. ಬೈಬಲ್ ತಂದು ತೋರಿಸಿ!

ಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ಪರಸ್ಪರ ಶಾಂತಿ ಕೋರಿ ಎನ್ನುತ್ತಾರೆ. ಎಡಕ್ಕೆ ಒಂದು ನಮಸ್ಕಾರ, ಬಲಕ್ಕೆ ಒಂದು ನಮಸ್ಕಾರ. ಹಿಂದಿನ ಸಾಲಿನಲ್ಲಿ ಮಾತು ಬಿಟ್ಟವರಿದ್ದರೆ ಕುತ್ತಿಗೆ ಅತ್ತ ತಿರುಗುವುದೇ ಇಲ್ಲ, ಅದಕ್ಕೆ ಕತ್ತುನೋವಿನ ನೆಪ. ಕನ್ನಡ ಪೂಜೆಯವರು ತಮಿಳು ಪೂಜೆಯವರನ್ನು, ತಮಿಳಿನವರು ಇಂಗ್ಲಿಷಿನವರನ್ನು ನೋಡುವ ನೋಟದ ಬಗ್ಗೆ ಇನ್ನೊಂದು ಸಂಚಿಕೆಯೇ ಬೇಕು. ಕನ್ನಡ ಪೂಜೆಗೆ ಒಳ್ಳೆಯ ಸಮಯ ಕೊಡಬೇಕು, ಅದರಲ್ಲಿ ನಾನು ರಾಜಿ ಆಗುವುದಿಲ್ಲ. ಆದರೆ ಅದನ್ನು ನಗುತ್ತಲೇ ಕೇಳುತ್ತೇನೆ.

ಗೇಟು, ಗೇಟು, ಗೇಟು. ಇವನಿಗೆ ಗೇಟಿನ ಹುಚ್ಚು ಎಂದುಕೊಳ್ಳಿ, ಬೇಸರವಿಲ್ಲ. ಇನ್ನೂ ಎರಡು ಅಂಶ ಬರೆದುಕೊಂಡಿದ್ದೆ, ಚೀಟಿಯ ಮೇಲೆ ಕಾಫಿ ಚೆಲ್ಲಿದೆ. ಒಂದು ‘ಸಂತ’ ಎಂದು ಶುರುವಾಗುತ್ತದೆ, ಸಂತರೋ ಸಂತೆಯೋ ತಿಳಿಯುತ್ತಿಲ್ಲ.

ಸರಿ, ಹೀಗೆ ಮಾಡೋಣ. ಬರುವ ಭಾನುವಾರ ಒಂಬತ್ತೂ ಮುಕ್ಕಾಲಕ್ಕೆ ನಾನೇ ನಮ್ಮ ಗೇಟಿನಲ್ಲಿ ಆ ಹುಡುಗನ ಪಕ್ಕ ನಿಲ್ಲುತ್ತೇನೆ. ಬಂದವರು ಮಾತನಾಡಿಸಿ. ನಾನು ಯಾರ ಮೇಲಾದರೂ ರೇಗಿದರೆ ವಿಡಿಯೋ ಮಾಡಿ ಕಳುಹಿಸಿ, ಈ ಚಾನೆಲ್ಲಿನಲ್ಲೇ ಹಾಕುತ್ತೇನೆ. ನನ್ನ ಕಾರಿನ ವಿಡಿಯೋ ಮಾತ್ರ ಮಾಡಬೇಡಿ. ಅದನ್ನು ನಿಲ್ಲಿಸುವ ಜಾಗದಲ್ಲಿ ‘ನಿಲ್ಲಿಸಬೇಡಿ’ ಎಂಬ ಫಲಕ ಇದೆ, ಆ ಹುಡುಗ ನಾಲ್ಕು ವಾರದಿಂದ ಹೇಳುತ್ತಲೇ ಇದ್ದಾನೆ.