ಕಾರ್ಡಿಯೋನಾ, ವೇಟ್ಸಾ? ತುಮಕೂರಿನಲ್ಲಿ ನನ್ನ ಒಂದು ವಾರ

ನಮಸ್ಕಾರ. ಭಾನುವಾರ, ಬೆಳಿಗ್ಗೆ ಐದೂಮುಕ್ಕಾಲು. ಅಡುಗೆಮನೆ ದೀಪ ಒಂದೇ ಹತ್ತಿದೆ. ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹುರುಳಿಕಾಳು ಮೊಳಕೆ ಒಡೆದಿದೆ, ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಇದು ಮಧ್ಯಾಹ್ನದ ಬಸ್ಸಾರಿಗೆ. ಇದರ ವಿಷಯ ಆಮೇಲೆ.

ಆರು ತಿಂಗಳ ಹಿಂದೆ ಇದೇ ಚಾನೆಲ್‌ನಲ್ಲಿ ಒಂದು ಮಾತು ಹೇಳಿದ್ದೆ. ಕಾರ್ಡಿಯೋ, ಅಂದರೆ ಓಟ, ನಡಿಗೆಯಂಥ ದಮ್ಮಿನ ಕಸರತ್ತು ಬೇಡ, ವೇಟ್ಸ್, ಅಂದರೆ ಭಾರ ಎತ್ತೋದು ಒಂದೇ ಸಾಕು ಅಂತ. ಆ ಮಾತನ್ನು ಇವತ್ತು ವಾಪಸ್ ತೆಗೆದುಕೊಳ್ಳುತ್ತೇನೆ. ಎರಡೂ ಬೇಕು. ಯಾವ ದಿನ ಯಾವುದು ಮಾಡುತ್ತೇವೆ ಅನ್ನೋದು ಮುಖ್ಯ. ನನಗೆ ಅದನ್ನು ಕಲಿಸಿದ್ದು ಜಿಮ್ ಅಲ್ಲ, ಸಿದ್ದಗಂಗೆ ಬೆಟ್ಟ. ಇವತ್ತು ಅಲ್ಲಿಗೇ ಹೋಗುತ್ತಿದ್ದೇವೆ.

ಶೂ, ಗೇಟ್, ಬಸ್ಸು, ಎಲ್ಲಾ ನೀವೇ ನೋಡುತ್ತಿದ್ದೀರಿ. ಕಿಟಕಿಯ ಶಾಟ್ ಉದ್ದ ಇದೆ. ಬೆಟ್ಟಕ್ಕೆ ಇಳಿಯುವ ಕ್ಯಾತ್ಸಂದ್ರ ಬರುವಷ್ಟರಲ್ಲಿ ಜಿಮ್ ವಿಷಯ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಸೇರುವಾಗ ಎರಡು ಪ್ಯಾಕೇಜ್ ಅಂದರು. ವೇಟ್ಸ್ ಮಾತ್ರ ಆದರೆ ತಿಂಗಳಿಗೆ 800 ರೂಪಾಯಿ. ಕಾರ್ಡಿಯೋ ಸೇರಿದರೆ 1,200. ನಾನು 800ರದ್ದು ಕೊಡಿ ಅಂದೆ. ಕೌಂಟರಿನಲ್ಲಿದ್ದವರು ತಲೆ ಎತ್ತದೇ ಹೇಳಿದರು, "ಲೇಡೀಸ್‌ಗೆ ಅದು ಇಲ್ಲ ಮೇಡಂ, ಲೇಡೀಸ್ ಬ್ಯಾಚ್ ಅಂದ್ರೆ ಕಾರ್ಡಿಯೋ ಇದ್ದೇ ಇರುತ್ತೆ." ಯಾಕೆ ಅಂತ ಕೇಳಿದೆ. "ಎಲ್ಲರೂ ಸಣ್ಣ ಆಗೋಕೆ ತಾನೇ ಬರೋದು?" ಅಂದರು. ನಾನು ಸಣ್ಣ ಆಗೋಕೆ ಹೋಗಿರಲಿಲ್ಲ. ಆದರೂ ಮೂರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದೆ, 3,600. ರಸೀದಿ ಇನ್ನೂ ಪರ್ಸಿನಲ್ಲಿದೆ.

ಅಲ್ಲಿ ಟ್ರೆಡ್‌ಮಿಲ್ ಇದ್ದದ್ದು ಎರಡು. ಒಂದರ ಬೆಲ್ಟ್ ಕಿತ್ತುಹೋಗಿತ್ತು. ಅದರ ಮೇಲೆ ಬ್ಯಾಗ್, ಟವೆಲ್ ಇಡುತ್ತಿದ್ದರು. ಇನ್ನೊಂದಕ್ಕೆ ಸರದಿ. ಹದಿನೈದು ನಿಮಿಷಕ್ಕೆ ಒಬ್ಬರು. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಎರಡನೇ ತಿಂಗಳಲ್ಲಿ ಅದೂ ಕೆಟ್ಟಿತು. "ಸರ್ವೀಸ್‌ಗೆ ಹೇಳಿದ್ದೇವೆ" ಅಂತ ಒಂದು ಚೀಟಿ ಅಂಟಿಸಿದರು. ಐದು ವಾರ ಆ ಚೀಟಿ ಹಾಗೇ ಇತ್ತು. ಮೂಲೆ ಎದ್ದು ಬಂದಾಗ ಹೊಸ ಟೇಪ್ ಹಾಕಿದರು, ಮೆಷಿನ್ ಮಾತ್ರ ರಿಪೇರಿ ಆಗಲಿಲ್ಲ. ಐದು ವಾರದ ಕಾರ್ಡಿಯೋ ದುಡ್ಡಾದರೂ ಕೊಡಿ, ಇಲ್ಲ ಮುಂದಕ್ಕೆ ಹಿಡಿದುಕೊಳ್ಳಿ ಅಂತ ಕೇಳಿದೆ. "ಪ್ಯಾಕೇಜ್ ಅಂದ್ರೆ ಪ್ಯಾಕೇಜ್ ಮೇಡಂ." ಅಷ್ಟೇ ಉತ್ತರ. ದುಡ್ಡು ಬರಲಿಲ್ಲ.

400 ರೂಪಾಯಿ ವ್ಯತ್ಯಾಸಕ್ಕೆ ಇಷ್ಟು ಮಾತಾ ಅಂತ ಅನ್ನಿಸಬಹುದು. ಮೂರು ತಿಂಗಳಿಗೆ 1,200 ಆಯಿತು. ನಮ್ಮ ಮನೆಗೆ ಅದು ದೊಡ್ಡ ದುಡ್ಡೇ. ಆದರೆ ನನಗೆ ಜಾಸ್ತಿ ನೋವಾದದ್ದು ಆ ನಿಯಮದಿಂದ. ಗಂಡಸರಿಗೆ ಆಯ್ಕೆ ಇದೆ, ನಮಗಿಲ್ಲ. ನಮ್ಮ ಬ್ಯಾಚಿನಲ್ಲಿ ನನಗಿಂತ ಚಿಕ್ಕ ಹುಡುಗಿಯರು ನಲವತ್ತು ನಿಮಿಷ ಸರದಿಯಲ್ಲಿ ನಿಂತು, ಹದಿನೈದು ನಿಮಿಷ ನಡೆದು ಮನೆಗೆ ಹೋಗುತ್ತಿದ್ದರು. ಪಕ್ಕದಲ್ಲೇ ರ‍್ಯಾಕ್ ಖಾಲಿ. ಭಾರ ಹಾಕಿ ಎತ್ತುವ ರಾಡ್ ಮುಟ್ಟಿದರೆ ತೋಳು ಗಂಡಸಿನ ಹಾಗೆ ಆಗುತ್ತದೆ ಅನ್ನೋ ಭಯ. ಹಾಗೆಲ್ಲ ಆಗೋದಿಲ್ಲ. ಆ ಮಟ್ಟಕ್ಕೆ ಸ್ನಾಯು ಬೆಳೆಯೋಕೆ ವರ್ಷಗಟ್ಟಲೆ ದುಡಿಯಬೇಕು, ಹೊಟ್ಟೆ ತುಂಬಾ ತಿನ್ನಬೇಕು. ವಾರಕ್ಕೆ ಮೂರು ದಿನ ಎತ್ತಿದರೆ ಗ್ಯಾಸ್ ಸಿಲಿಂಡರ್ ಒಬ್ಬಳೇ ಸರಿಸೋಕೆ ಬರುತ್ತದೆ. ನನಗೆ ಬೇಕಾಗಿದ್ದೂ ಅದೇ.

ಅಲ್ಲಿನ ರಾಡ್ ವಿಷಯ ಒಂದು ಹೇಳಬೇಕು. ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಗಂಡಸರ ರಾಡ್ 20 ಕೆಜಿ, ಹೆಂಗಸರದ್ದು 15 ಕೆಜಿ. ನಮ್ಮ ಜಿಮ್ಮಿನದ್ದು ಎಷ್ಟು ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದಿನ ಮನೆಯ ತೂಕದ ಮೆಷಿನ್ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ತೂಗಿದೆ. 12 ಕೆಜಿ. ನೀವೂ ಒಮ್ಮೆ ತೂಗಿ ನೋಡಿ, ಇಲ್ಲದಿದ್ದರೆ ನಾವು ಬರೆದಿಟ್ಟುಕೊಳ್ಳುವ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಕ್ಯಾತ್ಸಂದ್ರ ಬಂತು, ಇಳಿಯಬೇಕು.

ಇದು ಸಿದ್ದಗಂಗಾ ಮಠದ ಕಡೆಯ ದಾರಿ. ಇಷ್ಟು ಹೊತ್ತಿಗೇ ಮಕ್ಕಳು ಎದ್ದು ಓಡಾಡುತ್ತಿದ್ದಾರೆ. 111 ವರ್ಷ ಬದುಕಿದ ಶಿವಕುಮಾರ ಸ್ವಾಮೀಜಿ ಇದ್ದದ್ದು ಇದೇ ಮಠದಲ್ಲಿ. ಮಠದೊಳಗೆ ಕ್ಯಾಮೆರಾ ಹಿಡಿಯುವುದಿಲ್ಲ. ಬೆಟ್ಟದ ಮೆಟ್ಟಿಲ ಮೇಲೂ ನಾನು ಓಡುವುದಿಲ್ಲ. ಜನ ಭಕ್ತಿಯಿಂದ ಹತ್ತುವ ದಾರಿ ಇದು. ನಮ್ಮ ಕಸರತ್ತಿನಿಂದ ಅವರಿಗೆ ತೊಂದರೆ ಆಗಬಾರದು. ಒಂದು ಪಕ್ಕಕ್ಕೆ, ಒಂದೇ ಸಮ, ಸುಮ್ನೆ ಹತ್ತುತ್ತೇನೆ.

ಇಲ್ಲಿ ಹಿನ್ನೆಲೆ ಮಾತು ನಿಲ್ಲಿಸಿ, ಹತ್ತುವಾಗ ರೆಕಾರ್ಡ್ ಆದ ಧ್ವನಿಯನ್ನೇ ಬಿಟ್ಟಿದ್ದೇನೆ. ಕೇಳಿ.

ಕೇಳಿದಿರಾ? ಮೊದಲು ಪೂರ್ತಿ ವಾಕ್ಯ ಬರುತ್ತಿತ್ತು. ಆಮೇಲೆ ಮೂರು ಪದ, ಉಸಿರು, ಮತ್ತೆ ಮೂರು ಪದ. ಕಾರ್ಡಿಯೋ ಎಷ್ಟು ಜೋರಾಗಿದೆ ಅಂತ ನೋಡೋಕೆ ಕೈಗಡಿಯಾರ ಬೇಕಿಲ್ಲ. ಮಾತಾಡೋಕೆ ಆಗುತ್ತದೆ, ಹಾಡೋಕೆ ಆಗೋದಿಲ್ಲ ಅಂದರೆ ಮಧ್ಯಮ. ಮಾತೇ ತುಂಡಾದರೆ ಜೋರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಇದು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ, ಅಥವಾ 75ರಿಂದ 150 ನಿಮಿಷ ಜೋರಿನದ್ದು. ಅದರ ಜೊತೆಗೆ ಎರಡು ದಿನವಾದರೂ ಸ್ನಾಯುವಿಗೆ ಕೆಲಸ. "ಅಥವಾ" ಅಲ್ಲ, "ಜೊತೆಗೆ". ನಾನು ಆರು ತಿಂಗಳು ಮರೆತಿದ್ದದ್ದು ಆ ಒಂದು ಪದವನ್ನು.

ಯಾಕೆ ಮರೆಯಬಾರದು ಅನ್ನೋದಕ್ಕೆ ನನಗೆ ಮನೆಯಲ್ಲೇ ಕಾರಣ ಇದೆ. ಅಪ್ಪನಿಗೆ ಸಕ್ಕರೆ, ಬಿಪಿ ಎರಡೂ. ಎರಡು ಮಹಡಿ ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾರೆ. ಅಮ್ಮ ಹೋದ ವರ್ಷ ಬಚ್ಚಲಲ್ಲಿ ಜಾರಿ ಕೈ ಊರಿದರು, ಮಣಿಕಟ್ಟು ಮುರಿಯಿತು. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಸ್ನಾಯು ಮೂವತ್ತು ದಾಟಿದಾಗಿನಿಂದಲೇ ನಿಧಾನವಾಗಿ ಕರಗುತ್ತಾ ಹೋಗುತ್ತದೆ. ಭಾರ ಎತ್ತಿದರೆ ಎರಡಕ್ಕೂ ಒಳ್ಳೆಯದು. ನನಗೀಗ ಮೂವತ್ತನಾಲ್ಕು. ಅಮ್ಮನ ಕೈಯ ಬ್ಯಾಂಡೇಜ್ ನೋಡಿಕೊಂಡೇ ನಾನು ಜಿಮ್ ಸೇರಿದ್ದು.

ತುದಿ ಬಂತು. ಗಾಳಿ ಸದ್ದು ಜಾಸ್ತಿ ಇದೆ, ಕ್ಷಮಿಸಿ. ಬಂಡೆಯಲ್ಲಿ ಒಸರುವ ನೀರಿನಿಂದಲೇ ಈ ಬೆಟ್ಟಕ್ಕೆ ಸಿದ್ದಗಂಗೆ ಅನ್ನೋ ಹೆಸರು. ದರ್ಶನ ಆಯಿತು. ಈಗ ಕೂತಿದ್ದೇನೆ. ಕಾರ್ಡಿಯೋ ಮಾಡಿದರೆ ಕಷ್ಟಪಟ್ಟು ಕಟ್ಟಿದ ಸ್ನಾಯು ಹೋಗುತ್ತದೆ ಅನ್ನುತ್ತಾರಲ್ಲ, ಆ ಮಾತು ಬಂದದ್ದು ಎಲ್ಲಿಂದ ಅಂತ ಹೇಳುತ್ತೇನೆ.

1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಒಂದು ಪ್ರಯೋಗ ಮಾಡಿದರು. ಮೂರು ಗುಂಪು, ಹತ್ತು ವಾರ. ಒಂದು ಗುಂಪು ಭಾರ ಮಾತ್ರ ಎತ್ತಿತು, ವಾರಕ್ಕೆ ಐದು ದಿನ. ಇನ್ನೊಂದು ಓಟ, ಸೈಕಲ್ ಮಾತ್ರ, ವಾರಕ್ಕೆ ಆರು ದಿನ. ಮೂರನೆಯದು ಎರಡನ್ನೂ ಪೂರ್ತಿ ಮಾಡಿತು. ಆ ಮೂರನೇ ಗುಂಪಿನ ಕಾಲಿನ ಶಕ್ತಿ ಏಳು ವಾರದವರೆಗೂ ಏರಿತು. ಆಮೇಲೆ ನಿಂತಿತು. ಒಂಬತ್ತು, ಹತ್ತನೇ ವಾರದಲ್ಲಿ ಇಳಿಯಿತು. ದಮ್ಮು ಮಾತ್ರ ಚೆನ್ನಾಗಿಯೇ ಬೆಳೆಯಿತು. ಅಲ್ಲಿಂದ ಈ ಹೆದರಿಕೆ ಶುರು. ಆದರೆ ಲೆಕ್ಕ ಹಾಕಿ. ಐದು ದಿನ ಭಾರ, ಆರು ದಿನ ಕಾರ್ಡಿಯೋ, ವಾರಕ್ಕೆ ಹನ್ನೊಂದು ಬಾರಿ! ನಮ್ಮಲ್ಲಿ ಯಾರು ಹಾಗೆ ಮಾಡುತ್ತಾರೆ? ಶಾಲೆ, ಮನೆ, ಅಡುಗೆ ಇರುವ ನಮಗೆ ಮೂರು ದಿನ ಅದು, ಮೂರು ದಿನ ಇದು ಸಿಕ್ಕರೆ ಪುಣ್ಯ. ಇತ್ತೀಚಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಕಾರ್ಡಿಯೋದಿಂದ ಸ್ನಾಯುವಿನ ಗಾತ್ರಕ್ಕೆ, ಎತ್ತುವ ಶಕ್ತಿಗೆ ದೊಡ್ಡ ಪೆಟ್ಟೇನೂ ಕಂಡಿಲ್ಲ. ಎರಡನ್ನೂ ಬೆನ್ನಿಗೆ ಬೆನ್ನಿಗೆ ಮಾಡಿದರೆ ಜಿಗಿತದಂಥ ಚುರುಕಿನ ಶಕ್ತಿಗೆ ಸ್ವಲ್ಪ ಅಡ್ಡಿ, ಅಷ್ಟೇ.

ನಮ್ಮ ಗರಡಿಮನೆಗಳಲ್ಲಿ ಇದಕ್ಕೆ ಜಗಳವೇ ಇರಲಿಲ್ಲ. ದಂಡ, ಬಸ್ಕಿ ನೂರಾರು ಹೊಡೆದರೆ ದಮ್ಮೂ ಬಂತು, ಬಲವೂ ಬಂತು. ಗದೆ ತಿರುಗಿಸುವುದು ಬೇರೆ. ಅದರ ಮೇಲೇ ಒಂದು ವಿಡಿಯೋ ಮಾಡಬೇಕು. ಸರಿ, ಮೋಡ ಬರುತ್ತಿದೆ. ಇಳಿಯೋಣ.

ಈ ಇಳಿಯೋ ಶಾಟ್ ಸರಿಯಾಗಿ ನೋಡಿ, ನಾನು ತಪ್ಪಿದ್ದು ಇಲ್ಲೇ. ಮೊದಮೊದಲು ಭಾನುವಾರ ಬೆಟ್ಟ, ಸೋಮವಾರ ಸ್ಕ್ವಾಟ್, ಅಂದರೆ ಹೆಗಲ ಮೇಲೆ ರಾಡ್ ಹೊತ್ತು ಕೂತು ಏಳೋದು, ಇಟ್ಟುಕೊಂಡಿದ್ದೆ. ಮೂರು ಸೋಮವಾರ ಹಾಳಾದವು. 42 ಕೆಜಿ ಎತ್ತುತ್ತಿದ್ದವಳು 32ಕ್ಕೇ ಕೂತರೆ ಏಳೋಕೆ ಆಗುತ್ತಿರಲಿಲ್ಲ. ತೊಡೆ ಮುಟ್ಟಿದರೆ ನೋವು. ಬೆಟ್ಟ ಹತ್ತಿದ್ದೇ ಕಾರಣ ಅಂದುಕೊಂಡು ಬೆಟ್ಟವನ್ನೇ ಬಿಟ್ಟಿದ್ದೆ. ಆದರೆ ಕಾರಣ ಹತ್ತಿದ್ದಲ್ಲ, ಇಳಿದದ್ದು. ಹತ್ತುವಾಗ ಎದೆ ದುಡಿಯುತ್ತದೆ. ಇಳಿಯುವಾಗ ತೊಡೆ ದುಡಿಯುತ್ತದೆ. ಪ್ರತಿ ಮೆಟ್ಟಿಲಿಗೂ ಮೈಭಾರವನ್ನು ತಡೆದು ಹಿಡಿಯುತ್ತಾ ಸ್ನಾಯು ಉದ್ದಕ್ಕೆ ಹಿಗ್ಗುತ್ತದೆ. ಆ ಕೆಲಸಕ್ಕೇ ಸ್ನಾಯು ಜಾಸ್ತಿ ನೋಯೋದು. ಅವತ್ತು ಗೊತ್ತೇ ಆಗುವುದಿಲ್ಲ. ಒಂದು ಎರಡು ದಿನ ಬಿಟ್ಟು ಹಿಡಿದುಕೊಳ್ಳುತ್ತದೆ. ಗೊತ್ತಾದ ಮೇಲೆ ಬದಲಾಯಿಸಿದ್ದು ಇಷ್ಟೇ. ನಿಧಾನವಾಗಿ ಇಳಿಯುತ್ತೇನೆ, ಧುಮುಕುವುದಿಲ್ಲ. ಸೋಮವಾರ ಬರೀ ತೋಳು, ಬೆನ್ನು, ಎದೆ. ಸ್ಕ್ವಾಟ್ ಬುಧವಾರಕ್ಕೆ ಹೋಯಿತು.

ಶುಕ್ರವಾರ ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ರಾಡ್ ಎತ್ತಿ ನಿಲ್ಲೋದು. ಮಂಗಳವಾರ, ಗುರುವಾರ ಸಂಜೆ ಬಿರುಸು ನಡಿಗೆ, ನಲವತ್ತು ನಿಮಿಷ, ಅಮಾನಿಕೆರೆ ಕಡೆ. ಶನಿವಾರ ಏನೂ ಇಲ್ಲ. ಒಂದೇ ದಿನ ಎರಡೂ ಮಾಡಲೇಬೇಕು ಅಂದರೆ ಮೊದಲು ವೇಟ್ಸ್, ಆಮೇಲೆ ಕಾರ್ಡಿಯೋ. ಬಲ ಬೇಕು ಅನ್ನೋರಿಗೆ ಇದು. ಓಟದ ಸ್ಪರ್ಧೆಗೆ ಹೋಗೋರು ತಿರುಗಿಸಿಕೊಳ್ಳಲಿ. ಬೆಳಿಗ್ಗೆ ಒಂದು, ಸಂಜೆ ಒಂದು ಮಾಡಿದರೆ ಇನ್ನೂ ಒಳ್ಳೆಯದು. ಆರು ಗಂಟೆಯಾದರೂ ಅಂತರ ಇರಲಿ. ಓಟ ಬೇಡ, ಸೈಕಲ್ ಸಾಕು ಅಂತ ಇಲ್ಲಿ ಹೇಳೋಣ ಅಂತಿದ್ದೆ. ಸೈಕಲ್ಲಿನಲ್ಲಿ ಕಾಲು ನೆಲಕ್ಕೆ ಬಡಿಯೋದಿಲ್ಲ, ನೋವು ಕಡಿಮೆ. ಆದರೆ ಬೇಡ, ಹಾಗೆ ಹೇಳುವುದಿಲ್ಲ. ನಿಮಗೆ ಓಡೋದು ಇಷ್ಟ ಅಂದರೆ ಓಡಿ. ಇಷ್ಟ ಇಲ್ಲದ್ದು ಮೂರು ತಿಂಗಳಿಗೆ ನಿಂತುಹೋಗುತ್ತದೆ, ನಾನೇ ನೋಡಿದ್ದೇನೆ.

ತಟ್ಟೆ ಇಡ್ಲಿ. ಕ್ಯಾತ್ಸಂದ್ರಕ್ಕೆ ಬಂದು ಇದನ್ನು ತಿನ್ನದೇ ಹೋಗೋಕೆ ಆಗುತ್ತಾ? ಎರಡು, ಬೆಣ್ಣೆ ಹಾಕಿಸಿಕೊಂಡೇ. ಬೆಟ್ಟ ಹತ್ತಿ ಬಂದವರಿಗೆ ಅನ್ನದಂಥ ಆಹಾರ ಬೇಕು. ಸ್ನಾಯುವಿನಲ್ಲಿ ಖಾಲಿಯಾದ ದಾಸ್ತಾನು ಮತ್ತೆ ತುಂಬೋದು ಅದರಿಂದಲೇ. ವೇಟ್ಸ್ ಜೊತೆ ಕಾರ್ಡಿಯೋ ಶುರು ಮಾಡಿ, ಊಟ ಮಾತ್ರ ಕಡಿಮೆ ಮಾಡಿದರೆ ಶಕ್ತಿ ಇಳಿದೇ ಇಳಿಯುತ್ತದೆ. ಆಗ ಕಾರ್ಡಿಯೋ ಮೇಲೆ ತಪ್ಪು ಹಾಕಬೇಡಿ.

ಬೆಳಗಿನ ಹುರುಳಿಕಾಳು ಈಗ ಒಲೆ ಮೇಲಿದೆ. ಒಣಕಾಳು 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ವೇಟ್ಸ್ ಮಾಡೋರಿಗೆ ದಿನಕ್ಕೆ ಮೈತೂಕದ ಕೆಜಿಗೆ 1.6 ಗ್ರಾಂನಷ್ಟು ಪ್ರೋಟೀನ್ ಸಾಕು ಅನ್ನುತ್ತಾರೆ. ನನ್ನ ತೂಕ 58 ಕೆಜಿ, ಅಂದರೆ ಸುಮಾರು 93 ಗ್ರಾಂ. ಬಸ್ಸಾರು ಒಂದರಿಂದಲೇ ಆಗೋದಿಲ್ಲ, ನಿಜ. ಮೊಸರು, ಮೊಟ್ಟೆ, ಕಡಲೆಕಾಯಿ ಎಲ್ಲಾ ಸೇರಬೇಕು. ಡಬ್ಬಿಯ ಪ್ರೋಟೀನ್ ಪುಡಿ ಕೆಟ್ಟದ್ದಲ್ಲ. ಅದರ ಬೆಲೆ ನೋಡಿದರೆ ನನಗೆ ಹುರುಳಿಯೇ ಆಗುತ್ತದೆ, ಮುದ್ದೆ ಜೊತೆ ರುಚಿಯೂ ಹೌದು.

ಕೊನೇ ಶಾಟ್. ಇದು ನಮ್ಮ ಹಾಲ್. ಕುರ್ಚಿ ಗೋಡೆಗೆ ಒತ್ತಿ ಇಟ್ಟಿದ್ದೇನೆ, ಜಾರಬಾರದು ಅಂತ. ಅಮ್ಮ ಕೈ ಎದೆಗೆ ಕಟ್ಟಿಕೊಂಡು ಕೂತು ಏಳುತ್ತಿದ್ದಾರೆ. ಹೋದ ತಿಂಗಳು ಮೂರಕ್ಕೇ ನಿಲ್ಲಿಸುತ್ತಿದ್ದರು. ಆರು. ಏಳು. ನಿಧಾನ ಅಮ್ಮ, ಇಳಿಯುವಾಗ ನಿಧಾನ. ಎಂಟು.

"ಸಾಕು ಕಣೆ, ಸಾರು ಉಕ್ಕುತ್ತಿದೆ, ಹೋಗಿ ನೋಡು."

ಹೊರಟೆ. ಬುಧವಾರ ಸ್ಕ್ವಾಟ್ ಇದೆ, 44 ಹಾಕುತ್ತಿದ್ದೇನೆ. ಅಲ್ಲಿ ಸಿಗೋಣ.